ಓಡಿದರೆ ಸಾಲದು

ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯಲು ಹೊರಟವರಲ್ಲಿ ಬಹಳ ಮಂದಿ ಮೊದಲ ಪೇಪರಿಗೇ ನಿಂತುಬಿಡುತ್ತಾರೆ. ಸೋತು ನಿಲ್ಲುವವರು ಕಡಿಮೆ, ಗೆದ್ದು ನಿಲ್ಲುವವರೇ ಜಾಸ್ತಿ. ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವ ಪ್ರೋಗ್ರಾಮ್ ಬರೆದಾಗಿದೆ, ಚಕ್ರಬಡ್ಡಿಯ ಲೆಕ್ಕ ಹಾಕಿಸಿ ಆಗಿದೆ, ತರಗತಿಯ ಅಂಕಪಟ್ಟಿ ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿದೆ. ಯಂತ್ರ ನಮ್ಮ ಮಾತು ಕೇಳುತ್ತದೆ ಎಂದು ಖಾತ್ರಿಯಾದ ಮೇಲೆ ಇನ್ನೇನು ಬೇಕು? ಹುಡುಗರು ನೇರವಾಗಿ ವೆಬ್‌ಸೈಟು, ಮೊಬೈಲ್ ಆ್ಯಪ್ ಕಡೆಗೆ ಹಾರುತ್ತಾರೆ. ಮಾಹಿತಿಯನ್ನು ಜೋಡಿಸಿಡುವ ಬಗೆಗಳನ್ನು ಕಲಿಸುವ ‘ಪ್ರೋಗ್ರಾಮಿಂಗ್ ಮತ್ತು ಡೇಟಾ ಸ್ಟ್ರಕ್ಚರ್ಸ್’ ಎಂಬ ಎರಡನೇ ಪೇಪರಿಗೆ ಆ ಮೆರುಗಿಲ್ಲ. ಸೆಮಿಸ್ಟರ್ ಪೂರ್ತಿ ಕಲಿತರೂ ಮನೆಯವರನ್ನು ಕರೆದು ತೋರಿಸುವಂಥದ್ದು ಕೈಯಲ್ಲಿ ಏನೂ ಇರುವುದಿಲ್ಲ. ಹಾಗಿದ್ದೂ ಯಾರೂ ಬಿಡಬಾರದ ಪೇಪರ್ ಇದೊಂದೇ ಎಂದು ನನಗೆ ಅನ್ನಿಸಿರುವುದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನಿರುವುದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಕಡೆ. ಪ್ರೌಢಶಾಲೆಯ ಕನ್ನಡ ಮಾಧ್ಯಮ ವಿಭಾಗದಲ್ಲಿ ಗಣಿತ ಪಾಠ ಮಾಡುತ್ತೇನೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ ನಡೆಯುವುದು ಗ್ನೂ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ. 2018ರಿಂದ ಮಕ್ಕಳಿಗಾಗಿ ‘ಲಿಟಲ್ ಕೈಟ್ಸ್’ ಎಂಬ ಐಟಿ ಕ್ಲಬ್ಬಿನ ಘಟಕಗಳೂ ಇವೆ. ಗಣಿತದ ಮಾಸ್ಟ್ರು ಎಂದ ಮೇಲೆ ಕಂಪ್ಯೂಟರೂ ಬರಲೇಬೇಕು ಎಂಬ ನಂಬಿಕೆ ಎಲ್ಲ ಸ್ಟಾಫ್ ರೂಮುಗಳಲ್ಲೂ ಉಂಟು. ಆ ನಂಬಿಕೆಯ ಭಾರ ಹೊತ್ತುಕೊಂಡು, ಭಾನುವಾರದ ಸಂಪರ್ಕ ತರಗತಿಗಳಿರುವ ಒಂದು ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದೆ. ಮೊದಲ ಸೆಮಿಸ್ಟರ್ ಸಿ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಾತೆಲ್ಲ ಎರಡನೆಯದರ ಕುರಿತು.

ಪಾಠ ಮಾಡುವ ಟೀಚರ್ ನನಗಿಂತ ಎಷ್ಟೋ ಚಿಕ್ಕವರು. ನನ್ನ ಉದ್ಯೋಗ ಗೊತ್ತಾದಂದಿನಿಂದ ಅವರಿಗೆ ನಾನು ‘ಮಾಷೇ’, ನನಗೆ ಅವರು ‘ಟೀಚರ್’. ವಿವರಣೆ ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ನನ್ನ ಟಿಪ್ಪಣಿ ಕನ್ನಡದಲ್ಲಿ. ಪಕ್ಕದ ಬೆಂಚಿನ ಮಂಜೇಶ್ವರದ ಹುಡುಗಿಯೊಂದಿಗೆ ಸಂಶಯ ಬಿಡಿಸಿಕೊಳ್ಳುವುದು ತುಳುವಿನಲ್ಲಿ. ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮೀನು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಇಷ್ಟು ಭಾಷೆ ಆಗಿಯೇ ಆಗುತ್ತದೆ.

ಮೊದಲನೆಯ ಪೇಪರು, ಎರಡನೆಯ ಪೇಪರು ಎಂಬ ಈ ವಿಂಗಡಣೆ ಎಲ್ಲಿಂದ ಬಂತೆಂದು ಹುಡುಕಿದರೆ ಅಮೆರಿಕದ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ 1979ರಲ್ಲಿ ಪ್ರಕಟಿಸಿದ ‘ಕರಿಕ್ಯುಲಮ್ 78’ ಎಂಬ ಪಠ್ಯಕ್ರಮಕ್ಕೆ ಹೋಗಿ ಮುಟ್ಟುತ್ತೇವೆ. ಅದರಲ್ಲಿ ಮೊದಲ ಎರಡು ಕೋರ್ಸುಗಳಿಗೆ ಸಿಎಸ್ 1, ಸಿಎಸ್ 2 ಎಂದು ಹೆಸರಿಟ್ಟರು. ಜಗತ್ತಿನ ಎಷ್ಟೋ ಕಡೆ ಈಗಲೂ ಅದೇ ಹೆಸರು ಚಾಲ್ತಿಯಲ್ಲಿದೆ. ಮೊದಲನೆಯದರಲ್ಲಿ ಪ್ರೋಗ್ರಾಮ್ ಬರೆಯುವುದು. ಎರಡನೆಯದರಲ್ಲಿ ಬರೆಯುವ ಮೊದಲು ಮಾಹಿತಿಯನ್ನು ಯಾವ ರೀತಿ ಜೋಡಿಸಿ ಇಡಬೇಕು ಎಂದು ತೀರ್ಮಾನಿಸುವುದು. ಕೇಳಲು ಸಣ್ಣ ವ್ಯತ್ಯಾಸ.

ಟೀಚರ್ ಶುರು ಮಾಡಿದ್ದು ಹೀಗೆ. ಕಾಸರಗೋಡು ಜಿಲ್ಲೆಯ 38 ಗ್ರಾಮ ಪಂಚಾಯತಿಗಳ ಹೆಸರನ್ನು ಅಕ್ಷರ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಮ್ ಬರೆಯಿರಿ ಎಂದರು. ಎಲ್ಲರೂ ಬರೆದದ್ದು ಬಬಲ್ ಸಾರ್ಟ್. ಅಕ್ಕಪಕ್ಕದ ಎರಡು ಹೆಸರು ನೋಡು, ಕ್ರಮ ತಪ್ಪಿದ್ದರೆ ಅದಲು ಬದಲು ಮಾಡು, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಬಾ. ಇಷ್ಟೇ ವಿಧಾನ. 38 ಹೆಸರಿಗೆ ಹೆಚ್ಚೆಂದರೆ 703 ಹೋಲಿಕೆಗಳು. ಕೀಲಿಯಿಂದ ಬೆರಳು ಎತ್ತುವ ಮೊದಲೇ ಉತ್ತರ ಬಂದಿತ್ತು.

“ಇನ್ನು ಜಿಲ್ಲೆಯ ಜನರ ಹೆಸರನ್ನೆಲ್ಲ ಜೋಡಿಸಿದರೆ ಎಷ್ಟು ಹೊತ್ತು ಬೇಕು, ಮಾಷೇ? ಕಂಪ್ಯೂಟರ್ ಮುಟ್ಟಬೇಡಿ, ಕಾಗದದಲ್ಲಿ ಹೇಳಿ” ಎಂದರು.

2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಬಬಲ್ ಸಾರ್ಟಿನ ಹೋಲಿಕೆಗಳು ಪಟ್ಟಿಯ ಉದ್ದದ ವರ್ಗದ ಅರ್ಧದಷ್ಟು, ಅಂದರೆ ಸುಮಾರು 85,000 ಕೋಟಿ. ಯಂತ್ರ ಸೆಕೆಂಡಿಗೆ ಹತ್ತು ಕೋಟಿ ಹೋಲಿಕೆ ಮಾಡುತ್ತದೆ ಎಂದು ಧಾರಾಳವಾಗಿ ಇಟ್ಟುಕೊಂಡರೂ ಎರಡೂಕಾಲು ಗಂಟೆ ದಾಟುತ್ತದೆ. ಅದೇ ಪಟ್ಟಿಯನ್ನು ಮರ್ಜ್ ಸಾರ್ಟಿಗೆ ಕೊಟ್ಟರೆ ಎರಡೂವರೆ ಕೋಟಿ ಚಿಲ್ಲರೆ ಹೋಲಿಕೆಗಳಲ್ಲಿ ಮುಗಿಯುತ್ತದೆ. ಕಾಲು ಸೆಕೆಂಡಿನ ಆಸುಪಾಸು. ಪಟ್ಟಿಯನ್ನು ಎರಡಾಗಿ ಒಡೆದು, ಒಡೆದದ್ದನ್ನು ಮತ್ತೆ ಒಡೆದು, ಒಂದೊಂದೇ ಹೆಸರು ಉಳಿದ ಮೇಲೆ ಕ್ರಮವಾಗಿ ಕೂಡಿಸುತ್ತ ಬರುವ ಈ ಉಪಾಯವನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1945ರಲ್ಲೇ ಬರೆದಿಟ್ಟಿದ್ದ. ಆಗ ಅದನ್ನು ಓಡಿಸುವುದಕ್ಕೆ ಬೇಕಾದ ಯಂತ್ರವೇ ಇರಲಿಲ್ಲ.

ಎರಡೂ ಪ್ರೋಗ್ರಾಮುಗಳು ಸರಿ, ಎರಡರ ಉತ್ತರವೂ ಒಂದೇ. ಪಂಚಾಯತಿಗಳ ಪಟ್ಟಿಯಲ್ಲಿ ಎರಡರ ನಡುವಿನ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಲೆಕ್ಕದಿಂದ ಹಿಡಿಯುವುದನ್ನೇ ಈ ಪೇಪರು ಕಲಿಸುತ್ತದೆ. ಪಟ್ಟಿ ಬೆಳೆದಂತೆ ಕೆಲಸ ಎಷ್ಟು ಬೆಳೆಯುತ್ತದೆ ಎಂಬ ಈ ಲೆಕ್ಕಕ್ಕೆ ಬಳಸುವ ‘ಬಿಗ್ ಓ’ ಗುರುತು ಕಂಪ್ಯೂಟರಿನವರ ಸ್ವಂತದ್ದೂ ಅಲ್ಲ. ಜರ್ಮನಿಯ ಗಣಿತಜ್ಞ ಪಾಲ್ ಬಾಕ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತಕ್ಕೆಂದು ತಂದ ಗುರುತು ಅದು. ಗಣಿತದವನಾದ ನನಗೆ ಅದರಲ್ಲಿ ಭಯವಿರಲಿಲ್ಲ. ಆದರೆ ಲಾಗರಿದಮ್ ಎಂದರೆ ಕೋಷ್ಟಕ ನೋಡಿ ಗುಣಾಕಾರ ಮಾಡುವ ಹಳೆಯ ಕಸರತ್ತು ಎಂದಷ್ಟೇ ಮಕ್ಕಳಿಗೆ ಹೇಳಿಕೊಂಡು ಬಂದಿದ್ದವನಿಗೆ, ಹದಿಮೂರು ಲಕ್ಷ ಹೆಸರಿನ ಪಟ್ಟಿಯಲ್ಲಿ ಒಬ್ಬನನ್ನು ಹುಡುಕಲು 21 ಹೋಲಿಕೆ ಸಾಕು ಎಂಬುದು ಲಾಗರಿದಮ್ಮಿನ ಹೊಸ ಮುಖವಾಗಿ ಕಂಡಿತು. ಈಗ ತರಗತಿಯಲ್ಲಿ ಲಾಗರಿದಮ್ ಶುರು ಮಾಡುವುದೇ ಅಲ್ಲಿಂದ.

ಈ ಹುಡುಕಾಟದ ಹೆಸರು ಬೈನರಿ ಸರ್ಚ್. ಕ್ರಮದಲ್ಲಿರುವ ಪಟ್ಟಿಯ ನಟ್ಟನಡುವೆ ನೋಡು. ಬೇಕಾದದ್ದು ಅದಕ್ಕಿಂತ ಮುಂಚೆ ಬರುವುದಾದರೆ ಎಡ ಅರ್ಧ, ನಂತರವಾದರೆ ಬಲ ಅರ್ಧ. ಉಳಿದ ಅರ್ಧವನ್ನು ಮರೆತುಬಿಡು. ಹೀಗೆ ಎಷ್ಟು ಸಲ ಅರ್ಧ ಮಾಡಬೇಕಾಗುತ್ತದೆ ಎಂಬುದೇ ಇಲ್ಲಿ ಲಾಗರಿದಮ್. ಹತ್ತು ಸಾಲಿನ ಪ್ರೋಗ್ರಾಮ್. ಇದರ ಚರಿತ್ರೆ ಕೇಳಿದರೆ ಮಾತ್ರ ಹತ್ತು ಸಾಲಿನ ಬಗ್ಗೆ ಗೌರವ ಹುಟ್ಟುತ್ತದೆ. ವಿಷಯ ಮೊದಲು ಪ್ರಸ್ತಾಪವಾದದ್ದು 1946ರಲ್ಲಿ. ಯಾವ ಉದ್ದದ ಪಟ್ಟಿಗೂ ತಪ್ಪದೆ ಹೊಂದುವ ರೂಪ ಪ್ರಕಟವಾಗಲು 1960 ಬರಬೇಕಾಯಿತು. ಅಲ್ಲಿಗೂ ಕಥೆ ಮುಗಿಯಲಿಲ್ಲ. 2006ರಲ್ಲಿ ಜೋಶುವಾ ಬ್ಲಾಕ್ ಎಂಬ ತಂತ್ರಜ್ಞ, ಜಾವಾ ಭಾಷೆಯ ಜೊತೆಗೇ ಬರುವ, ತಾನೇ ಬರೆದಿದ್ದ ಬೈನರಿ ಸರ್ಚಿನಲ್ಲಿ ವರ್ಷಗಟ್ಟಲೆ ಅಡಗಿದ್ದ ದೋಷವನ್ನು ಬಹಿರಂಗವಾಗಿ ಹೇಳಿದ. ನಡುವಿನ ಸ್ಥಾನ ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತೇವೆ. 32 ಬಿಟ್ಟಿನ ಪೂರ್ಣಾಂಕದಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ ಸುಮಾರು 214 ಕೋಟಿ; ಮೊತ್ತ ಅದನ್ನು ಮೀರಿದರೆ ಋಣಸಂಖ್ಯೆಯಾಗಿ ತಿರುಗಿ ಬೀಳುತ್ತದೆ. ಎಡ ತುದಿಗೆ ಅಂತರದ ಅರ್ಧವನ್ನು ಕೂಡಿಸಿದರೆ ತೊಂದರೆಯಿಲ್ಲ. ಬೀಜಗಣಿತದಲ್ಲಿ ಎರಡೂ ಒಂದೇ, ಯಂತ್ರದಲ್ಲಿ ಬೇರೆ ಬೇರೆ. ಒಂಬತ್ತನೇ ತರಗತಿಯ ಬೀಜೋಕ್ತಿ ಪಾಠದ ನಂತರ ಇದನ್ನು ಮಕ್ಕಳಿಗೆ ಹೇಳಿದಾಗ ಹಿಂದಿನ ಬೆಂಚು ಕೂಡ ತಲೆ ಎತ್ತಿತು.

ಈ ಪೇಪರನ್ನು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬ ಚರ್ಚೆ ನಮ್ಮ ತರಗತಿಯಲ್ಲೂ ಆಗುತ್ತಿತ್ತು. ಪೈಥಾನ್ ಎಂದರೆ ಕಿರಿಯರಿಗೆ ಪ್ರಾಣ. ನಾನು ಸಿ ಪಕ್ಷ. ಪೈಥಾನಿನ ಲಿಸ್ಟ್ ಎಲ್ಲವನ್ನೂ ಒಳಗೇ ಮುಚ್ಚಿಟ್ಟುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಹಿಂದಿನಿಂದ ತೆಗೆಯುವುದೂ ಮುಂದಿನಿಂದ ತೆಗೆಯುವುದೂ ಒಂದೊಂದೇ ಸಾಲು. ಒಳಗಿರುವುದು ವಿಳಾಸಗಳ ಒಂದು ಅರೇ, ಅಂದರೆ ಒಂದರ ಪಕ್ಕ ಒಂದು ಇಟ್ಟ ಖಾನೆಗಳ ಸಾಲು. ಹಿಂದಿನಿಂದ ತೆಗೆದರೆ ಖರ್ಚಿಲ್ಲ. ಮುಂದಿನಿಂದ ತೆಗೆದರೆ ಉಳಿದವೆಲ್ಲ ಒಂದೊಂದು ಸ್ಥಾನ ಸರಿಯಬೇಕು. ಇದು ಗೊತ್ತಿಲ್ಲದೆ ಲಿಸ್ಟನ್ನೇ ಸರತಿ ಸಾಲಾಗಿ ಬಳಸಿದ ಪ್ರೋಗ್ರಾಮ್ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ, ಸಾಲು ಉದ್ದವಾಗುವ ತನಕ. ಸಿ ಭಾಷೆಯಲ್ಲಿ ಇಂಥ ಅನುಕೂಲ ಇಲ್ಲ. ಜಾಗ ಬೇಕಾದರೆ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು, ಯಾವುದು ಎಲ್ಲಿದೆ ಎಂದು ನಾವೇ ನೆನಪಿಡಬೇಕು. ಕಲಿಯುವ ಹಂತದಲ್ಲಿ ಆ ಕಷ್ಟ ಇರಲಿ ಎಂಬುದು ನನ್ನ ಅಭಿಪ್ರಾಯ. ನೌಕರಿಯಲ್ಲಿ ಪೈಥಾನ್ ಬರೆಯಲಿ, ಬೇಡ ಎಂದವರಾರು?

ಸಿ ಭಾಷೆಯ ನಿಜವಾದ ಪರೀಕ್ಷೆ ಲಿಂಕ್ಡ್ ಲಿಸ್ಟಿನಲ್ಲಿ. ಕೃತಕ ಬುದ್ಧಿಮತ್ತೆಯ ಆದಿಪುರುಷರಾದ ನ್ಯೂವೆಲ್, ಶಾ ಮತ್ತು ಸೈಮನ್ 1950ರ ದಶಕದಲ್ಲಿ ತಮ್ಮ ಯಂತ್ರಕ್ಕೆ ತರ್ಕ ಕಲಿಸುವಾಗ ಬಳಸಿದ ಉಪಾಯ ಇದು. ಅರೇಯಲ್ಲಿ ಹೆಸರುಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ; ನೂರನೆಯದು ಎಲ್ಲಿದೆ ಎಂದು ಗುಣಾಕಾರದಿಂದಲೇ ಹೇಳಬಹುದು. ಲಿಂಕ್ಡ್ ಲಿಸ್ಟಿನಲ್ಲಿ ಹೆಸರುಗಳು ಎಲ್ಲೆಲ್ಲೋ ಇರುತ್ತವೆ. ಪ್ರತಿಯೊಂದೂ ತನ್ನ ಮುಂದಿನದರ ವಿಳಾಸ ಮಾತ್ರ ಇಟ್ಟುಕೊಂಡಿರುತ್ತದೆ. ಟೀಚರ್ ಬೋರ್ಡಿನ ಮೇಲೆ ಮೂರು ಚೌಕ ಬರೆದರು: ಕುಂಬಳೆ, ಬದಿಯಡ್ಕ, ಮುಳ್ಳೇರಿಯ. ಪ್ರತಿ ಚೌಕದ ಬಲಭಾಗದಲ್ಲಿ ಸಣ್ಣದೊಂದು ಖಾನೆ, ಅಲ್ಲಿಂದ ಮುಂದಿನ ಚೌಕಕ್ಕೆ ಬಾಣ. ಕೊನೆಯ ಖಾನೆಯಲ್ಲಿ ಅಡ್ಡಗೆರೆ. ಅದು ‘ನಲ್’, ಮುಂದೆ ಯಾರೂ ಇಲ್ಲ ಎಂದು. ಈಗ ಬದಿಯಡ್ಕವನ್ನು ತೆಗೆಯಬೇಕು. (ನಮ್ಮೂರನ್ನೇ ಯಾಕೆ ತೆಗೆಯುತ್ತೀರಿ ಎಂದು ನಾನು ಕೇಳಿದೆ. ನಡುವೆ ಬಂದದ್ದಕ್ಕೆ ಎಂದರು.)

ಕುಂಬಳೆಯ ಬಾಣವನ್ನು ಮೊದಲು ಮುಳ್ಳೇರಿಯಕ್ಕೆ ತಿರುಗಿಸಬೇಕು, ಆಮೇಲೆ ಬದಿಯಡ್ಕದ ಜಾಗವನ್ನು ಬಿಟ್ಟುಕೊಡಬೇಕು. ತಿರುಗುಮುರುಗಾದರೆ? ಮುಳ್ಳೇರಿಯದ ವಿಳಾಸ ಇದ್ದದ್ದು ಬದಿಯಡ್ಕದ ಚೌಕದೊಳಗೆ. ಆ ಚೌಕ ಈಗ ನಮ್ಮದಲ್ಲ. ಟೀಚರ್ ಬೋರ್ಡಿನ ಮೇಲೆ ಆ ಚೌಕವನ್ನು ಒರೆಸಿದರು. ಮುಳ್ಳೇರಿಯ ಇನ್ನೂ ಅಲ್ಲೇ ಇದೆ, ತಲುಪುವ ಬಾಣ ಮಾತ್ರ ಎಲ್ಲಿಯೂ ಇಲ್ಲ.

ಬೋರ್ಡಿನಲ್ಲಾದರೆ ಒರೆಸಿದ್ದು ಕಾಣುತ್ತದೆ. ಯಂತ್ರದಲ್ಲಿ ಕಾಣುವುದಿಲ್ಲ. ಜಾಗ ಬಿಟ್ಟುಕೊಟ್ಟ ಮರುಗಳಿಗೆಯಲ್ಲಿ ಅಲ್ಲಿದ್ದ ಹಳೆಯ ವಿಳಾಸ ಹಾಗೆಯೇ ಉಳಿದಿರಲೂಬಹುದು. ಆಗ ತಪ್ಪು ಪ್ರೋಗ್ರಾಮೇ ಸರಿಯಾದ ಉತ್ತರ ಕೊಡುತ್ತದೆ. ಇವತ್ತು ಕೊಡುತ್ತದೆ, ನಾಳೆಯೂ ಕೊಡುತ್ತದೆ, ಪರೀಕ್ಷಕರು ಬಂದ ದಿನ ಕೈಕೊಡುತ್ತದೆ. ಮೊದಲ ಪೇಪರಿನ ಇಡೀ ನೀತಿಯನ್ನು ಬುಡಮೇಲು ಮಾಡುವ ಸಂಗತಿ ಇದು. ಓಡಿತು, ಉತ್ತರ ಬಂತು, ಆದ್ದರಿಂದ ಸರಿ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ವಾಲ್‌ಗ್ರಿಂಡ್ ಎಂಬ ಉಪಕರಣದ ಒಳಗೆ ಅದೇ ಪ್ರೋಗ್ರಾಮನ್ನು ಓಡಿಸಿದರೆ, ಬಿಟ್ಟುಕೊಟ್ಟ ಜಾಗವನ್ನು ಯಾವ ಸಾಲಿನಲ್ಲಿ ಓದಿದಿರಿ ಎಂದು ಬೆರಳಿಟ್ಟು ತೋರಿಸುತ್ತದೆ. ನಮ್ಮ ಬ್ಯಾಚಿನಲ್ಲಿ ಮೊದಲ ದಿನ ಅದು ಯಾರನ್ನೂ ಬಿಡಲಿಲ್ಲ.

ಟೀಚರಿಗೆ ಒಂದು ಪಟ್ಟು ಇತ್ತು. ಚಿತ್ರ ಬರೆಯದೆ ಸಂಶಯ ಕೇಳಲು ಬಂದರೆ ಉತ್ತರವಿಲ್ಲ. “ಬಾಣ ಎಲ್ಲಿ?” ಎನ್ನುವುದು, ಪುಸ್ತಕ ಹಿಂದಕ್ಕೆ ತಳ್ಳುವುದು. ಮೊದಮೊದಲು ನೌಕರಿಯಲ್ಲಿರುವ ಕೆಲವರಿಗೆ ಇದು ಶಾಲೆಯ ಮಕ್ಕಳಿಗೆ ಹೇಳಿದಂತೆ ಅನ್ನಿಸಿ ಮುಖ ಗಂಟಾಯಿತು. ಬರಬರುತ್ತ ಯಾರೂ ಕೇಳಲು ಹೋಗುವುದೇ ನಿಂತಿತು, ಏಕೆಂದರೆ ಚಿತ್ರ ಬರೆದು ಮುಗಿಸುವಷ್ಟರಲ್ಲಿ ಸಂಶಯ ಉಳಿಯುತ್ತಿರಲಿಲ್ಲ. ಭಾಷೆಯ ವಿಷಯದಲ್ಲೂ ನನಗೆ ಇದರಿಂದ ಉಪಕಾರವೇ ಆಯಿತು. ಮಲಯಾಳದ ವೇಗದ ವಿವರಣೆ ಅಲ್ಲಲ್ಲಿ ಕೈತಪ್ಪಿದರೂ ಚೌಕ ಮತ್ತು ಬಾಣ ಕೈತಪ್ಪುತ್ತಿರಲಿಲ್ಲ.

ಕೊನೆಯ ಚೌಕದ ಆ ನಲ್ ಇದೆಯಲ್ಲ, ಅದಕ್ಕೂ ಒಬ್ಬ ಕರ್ತೃ ಇದ್ದಾನೆ: ಇಂಗ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಯ ಕೆಲಸದಲ್ಲಿದ್ದಾಗ, ಮಾಡುವುದು ಬಲು ಸುಲಭ ಎಂಬ ಒಂದೇ ಕಾರಣಕ್ಕೆ ಅದನ್ನು ಸೇರಿಸಿದ. 2009ರಲ್ಲಿ ಸಭೆಯೊಂದರಲ್ಲಿ ನಿಂತು ಅದು ತನ್ನ ನೂರು ಕೋಟಿ ಡಾಲರಿನ ತಪ್ಪು ಎಂದು ಹೇಳಿದ. ಅಷ್ಟು ವರ್ಷ ಎಷ್ಟು ಪ್ರೋಗ್ರಾಮುಗಳು ಇಲ್ಲದ ಚೌಕವನ್ನು ತೆರೆಯಲು ಹೋಗಿ ಕುಸಿದಿರಬಹುದು ಎಂಬ ಅಂದಾಜು ಅದು.

ರಿಕರ್ಷನ್ ಎಂಬ ಪಾಠಕ್ಕೆ ಎಲ್ಲ ಕಡೆಯೂ ವಿದ್ಯಾರ್ಥಿಗಳು ಹೆದರುತ್ತಾರಂತೆ. ತನ್ನನ್ನೇ ತಾನು ಕರೆಯುವ ಫಂಕ್ಷನ್ (ಪ್ರೋಗ್ರಾಮಿನೊಳಗಿನ, ಹೆಸರಿಟ್ಟು ಕರೆಯಬಹುದಾದ ತುಂಡು) ಎಂದು ವ್ಯಾಖ್ಯೆ ಹೇಳಿದರೆ ಹೆದರದೆ ಏನು ಮಾಡುತ್ತಾರೆ? ನಮ್ಮ ಕಡೆಯವರಿಗೆ ಅದನ್ನು ಸುರಂಗದ ಮೂಲಕ ಹೇಳಬಹುದು. ಬಾಯಾರು, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳನ್ನು ನೋಡಿದವರಿಗೆ ಗೊತ್ತು: ಒಬ್ಬ ಆಳು ಬಗ್ಗಿ ಹೋಗುವಷ್ಟೇ ಅಗಲ, ನೀರಿನ ಒಸರು ಕಂಡ ಕಡೆ ಕವಲು, ಆ ಕವಲಿಗೆ ಮತ್ತೊಂದು ಕವಲು. ಒಳಗೆ ಹೋದವನು ಒಂದು ಕವಲಿನ ಕೊನೆ ಮುಟ್ಟಿ, ಬಂದ ದಾರಿಯಲ್ಲೇ ಹಿಂದೆ ಸರಿದು, ತೀರ ಈಚೆಗೆ ದಾಟಿದ ಕವಲಿಗೆ ಬಂದು ಅಲ್ಲಿಂದ ಇನ್ನೊಂದನ್ನು ಹಿಡಿಯಬೇಕು. ಹೊರಗೆ ಬರುವಾಗ ಕೊನೆಗೆ ದಾಟಿದ್ದು ಮೊದಲು ಸಿಗುತ್ತದೆ. ಯಂತ್ರ ಇದನ್ನು ನೆನಪಿಡುವುದು ಸ್ಟ್ಯಾಕ್ ಎಂಬ ಜಾಗದಲ್ಲಿ, ಒಂದೊಂದು ಕರೆಗೂ ಒಂದೊಂದು ಕಟ್ಟಿನಂತೆ. ಒಳಹೋಗುವುದಕ್ಕೆ ಮಿತಿ ಇದೆ ಎಂಬುದೂ ಎರಡಕ್ಕೂ ಸಮಾನ. ಪೈಥಾನ್ ಸಾಮಾನ್ಯವಾಗಿ ಸಾವಿರ ಕರೆಗಳ ಆಳದಲ್ಲಿ ತಡೆದು ನಿಲ್ಲಿಸುತ್ತದೆ. ಸಿ ಭಾಷೆಗೆ ಅಂಥ ಕಾವಲು ಇಲ್ಲ. ಸ್ಟ್ಯಾಕಿನ ಜಾಗ ಮುಗಿದಲ್ಲಿಗೆ ಪ್ರೋಗ್ರಾಮ್ ಮುಗಿಯಿತು.

ಕ್ಯೂ, ಹೀಪ್ ಪಾಠಗಳು ಸಲೀಸಾಗಿ ಕಳೆದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮರ. ಬೈನರಿ ಸರ್ಚ್ ಟ್ರೀಯಲ್ಲಿ ಪ್ರತಿ ಹೆಸರಿನ ಎಡಕ್ಕೆ ಅದಕ್ಕಿಂತ ಮುಂಚಿನವು, ಬಲಕ್ಕೆ ನಂತರದವು. ಹುಡುಕುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಬದಿ ಪೂರ್ತಿ ಬಿಟ್ಟುಹೋಗುತ್ತದೆ. ಚೆನ್ನಾಗಿದೆ. ಆದರೆ ಪಂಚಾಯತಿಗಳ ಹೆಸರನ್ನು ಮೊದಲೇ ಅಕ್ಷರ ಕ್ರಮದಲ್ಲಿ ಬರೆದುಕೊಂಡು ಒಂದೊಂದಾಗಿ ಮರಕ್ಕೆ ಸೇರಿಸಿ ನೋಡಿ. ಪ್ರತಿಯೊಂದೂ ಹಿಂದಿನದರ ಬಲಕ್ಕೇ ಹೋಗಿ ಕೂರುತ್ತದೆ. ಎಡಕ್ಕೆ ಯಾರೂ ಇಲ್ಲ. ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು 38 ಹಂತದ ಉದ್ದನೆಯ ಸರಪಳಿ. ಹೆಸರಿಗೆ ಮಾತ್ರ ಮರ. ಶಿಸ್ತಾಗಿ ಬಂದ ಪಟ್ಟಿಯೇ ಅತ್ಯಂತ ಕೆಟ್ಟ ಪಟ್ಟಿ ಎಂಬುದನ್ನು ಒಪ್ಪಿಕೊಳ್ಳಲು, ಹಾಜರಿ ಪುಸ್ತಕವನ್ನು ಅಕ್ಷರ ಕ್ರಮದಲ್ಲೇ ಬರೆದು ಬೆಳೆದ ಮಾಸ್ಟ್ರಿಗೆ ಸ್ವಲ್ಪ ಸಮಯ ಬೇಕಾಯಿತು. ಸೋವಿಯತ್ ಒಕ್ಕೂಟದ ಅಡೆಲ್ಸನ್-ವೆಲ್ಸ್ಕಿ ಮತ್ತು ಲಾಂಡಿಸ್ 1962ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದರು. ಪ್ರತಿ ಸೇರ್ಪಡೆಯ ನಂತರ ಎಡಬಲಗಳ ಎತ್ತರ ನೋಡಿ, ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಮರವನ್ನು ತಿರುಗಿಸಿ ಸರಿ ಮಾಡುವುದು. ಹಾಗೆ ಮಾಡಿದರೆ 38 ಹೆಸರಿನ ಮರ ಯಾವ ಕ್ರಮದಲ್ಲಿ ತುಂಬಿಸಿದರೂ ಏಳು ಹಂತ ಮೀರುವುದಿಲ್ಲ. ತಿರುಗಿಸುವ ನಾಲ್ಕು ಬಗೆಗಳನ್ನು ಬಾಯಿಪಾಠ ಮಾಡಬಹುದು, ಪರೀಕ್ಷೆಗೆ ಸಾಕಾಗುತ್ತದೆ. ಯಾಕೆ ನಾಲ್ಕೇ ಎಂದು ಚಿತ್ರ ಬರೆದು ಕಂಡುಕೊಂಡರೆ ಬಾಯಿಪಾಠ ಬೇಡವಾಗುತ್ತದೆ.

ಇದೇ ಪೀಡೆ ಕ್ವಿಕ್ ಸಾರ್ಟಿಗೂ ಇದೆ. ಒಂದು ಹೆಸರನ್ನು ಆಧಾರವಾಗಿ ಹಿಡಿದು, ಅದಕ್ಕಿಂತ ಮುಂಚಿನವನ್ನು ಒಂದು ಕಡೆ, ನಂತರದವನ್ನು ಇನ್ನೊಂದು ಕಡೆ ಮಾಡುತ್ತ ಜೋಡಿಸುವ ವಿಧಾನ ಅದು. ಪಟ್ಟಿಯ ಮೊದಲ ಹೆಸರನ್ನೇ ಆಧಾರವಾಗಿ ಹಿಡಿದರೆ ಕ್ರಮದಲ್ಲಿರುವ ಪಟ್ಟಿಯ ಮೇಲೆ ಅದು ಬಬಲ್ ಸಾರ್ಟಿನಷ್ಟೇ ನಿಧಾನ. ಅದನ್ನು ರಚಿಸಿದವನೂ ಮತ್ತೆ ಅದೇ ಹೋರ್. 1959–60ರಲ್ಲಿ ಮಾಸ್ಕೋದಲ್ಲಿ ವಿದ್ಯಾರ್ಥಿಯಾಗಿದ್ದಾಗ ರಷ್ಯನ್ನಿನಿಂದ ಇಂಗ್ಲಿಷಿಗೆ ಯಂತ್ರಾನುವಾದ ಮಾಡಿಸುವ ಪ್ರಯತ್ನದಲ್ಲಿದ್ದ. ನಿಘಂಟು ಮ್ಯಾಗ್ನೆಟಿಕ್ ಟೇಪಿನ ಮೇಲೆ ಅಕ್ಷರ ಕ್ರಮದಲ್ಲಿತ್ತು. ವಾಕ್ಯದ ಪದಗಳನ್ನೂ ಮೊದಲೇ ಅಕ್ಷರ ಕ್ರಮಕ್ಕೆ ತಂದುಕೊಂಡರೆ ಟೇಪನ್ನು ಹಿಂದೆ ಮುಂದೆ ಎಳೆದಾಡುವುದು ತಪ್ಪುತ್ತದೆ ಎಂದು ಯೋಚಿಸುತ್ತ ಈ ಉಪಾಯ ಹೊಳೆಯಿತು. ಎರಡು ಭಾಷೆಗಳ ನಡುವೆ ಸಿಕ್ಕಿಕೊಂಡವನು ಕಂಡುಹಿಡಿದ ವಿಧಾನ ಎಂಬ ಕಾರಣಕ್ಕೆ ನನಗೆ ಅದರ ಮೇಲೆ ತುಸು ಪಕ್ಷಪಾತ.

ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸಿದ ಜಾಲಕ್ಕೆ ಇಲ್ಲಿ ಗ್ರಾಫ್ ಎನ್ನುತ್ತಾರೆ. ಆ ಪಾಠಕ್ಕೆ ನಮಗೆ ಪುಸ್ತಕದ ಉದಾಹರಣೆಯ ಅಗತ್ಯವೇ ಬೀಳಲಿಲ್ಲ, ಬಸ್ಸಿನ ದಾರಿಗಳು ಸಾಕಾದವು. ಕಾಸರಗೋಡಿನಿಂದ ಚೆರ್ಕಳ, ಅಲ್ಲಿಂದ ಒಂದು ದಾರಿ ಬದಿಯಡ್ಕ, ಪೆರ್ಲಕ್ಕೆ. ಇನ್ನೊಂದು ಮುಳ್ಳೇರಿಯ, ಆದೂರು ಆಗಿ ಸುಳ್ಯದ ಕಡೆಗೆ. ಕಾಸರಗೋಡಿನಿಂದ ಹೆದ್ದಾರಿಯಲ್ಲಿ ಕುಂಬಳೆಗೆ ಹೋದರೆ ಅಲ್ಲಿಂದ ಸೀತಾಂಗೋಳಿಯಾಗಿ ಬದಿಯಡ್ಕ, ಮತ್ತೆ ಮುಳ್ಳೇರಿಯ. ಬರೆದು ನೋಡಿದರೆ ಸುತ್ತುಗಳು ಕಾಣುತ್ತವೆ. ಸುತ್ತು ಬಂದ ಕೂಡಲೇ ಅದು ಮರವಲ್ಲ. ಮರದಲ್ಲಿ ನಡೆದಂತೆ ನಡೆದರೆ ಪ್ರೋಗ್ರಾಮ್ ಕಾಸರಗೋಡು, ಚೆರ್ಕಳ, ಬದಿಯಡ್ಕ, ಕುಂಬಳೆ, ಕಾಸರಗೋಡು ಎಂದು ಗಿರಕಿ ಹೊಡೆಯುತ್ತಲೇ ಇರುತ್ತದೆ. ಪ್ರತಿ ಊರಿಗೂ ‘ನೋಡಿಯಾಯಿತು’ ಎಂಬ ಗುರುತು ಹಾಕಬೇಕು; ಒಂದು ಬಿಟ್ಟಿನ ಕೆಲಸ. ಇನ್ನು ಕಿಲೋಮೀಟರುಗಳನ್ನು ಸೇರಿಸಿದರೆ ಅತಿ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆ, ಅದಕ್ಕೆ ನೆದರ್ಲ್ಯಾಂಡ್ಸಿನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾನ ಉತ್ತರ. 1956ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರ ಜಗಲಿಯಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಯೊಂದಿಗೆ ಕುಳಿತಿದ್ದಾಗ, ಕಾಗದ ಪೆನ್ನು ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದು ಎಂದು ಅವನೇ ಹೇಳಿಕೊಂಡಿದ್ದಾನೆ. ಪ್ರಕಟಿಸಿದ್ದು 1959ರಲ್ಲಿ. ಚಿತ್ರವಿಲ್ಲದೆ ಯೋಚಿಸುವ ರಿಯಾಯಿತಿ ಡೈಕ್‌ಸ್ಟ್ರಾನಿಗೆ ಮಾತ್ರ ಎಂದು ಟೀಚರ್ ಆ ಕೂಡಲೇ ಸ್ಪಷ್ಟಪಡಿಸಿದರು.

ಪುಸ್ತಕದ ಲೆಕ್ಕ ಯಂತ್ರದಲ್ಲಿ ಹಾಗೆಯೇ ನಡೆಯುತ್ತದೆ ಎಂದೇನೂ ಅಲ್ಲ. ನಡುವೆ ಒಂದು ಹೆಸರು ಸೇರಿಸಲು ಅರೇಗಿಂತ ಲಿಂಕ್ಡ್ ಲಿಸ್ಟ್ ಅಗ್ಗ ಎಂದು ಪುಸ್ತಕ ಹೇಳುತ್ತದೆ. ಅಳೆದು ನೋಡಿದರೆ ಸಣ್ಣ ಪಟ್ಟಿಗಳಲ್ಲಿ ಅರೇಯೇ ಗೆಲ್ಲುವುದುಂಟು. ಈಗಿನ ಪ್ರೊಸೆಸರು ನೆನಪಿನಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ, ಸಾಮಾನ್ಯವಾಗಿ 64 ಬೈಟುಗಳ ಒಂದು ತುಂಡನ್ನೇ ಎತ್ತಿ ತರುತ್ತದೆ. ಪಕ್ಕಪಕ್ಕದಲ್ಲಿ ಇದ್ದವು ಒಟ್ಟಿಗೇ ಬರುತ್ತವೆ, ಚದುರಿ ಕೂತವಕ್ಕಾಗಿ ಪ್ರತಿ ಸಲವೂ ಕಾಯಬೇಕು. ಬಿಗ್ ಓ ಗೊತ್ತಾದವನು ಅಳೆಯುವುದನ್ನು ಬಿಡಬಾರದು. ಅಳೆಯುವವನಿಗೂ ಏನನ್ನು ಅಳೆಯಬೇಕೆಂದು ತಿಳಿಯಲು ಅದು ಬೇಕು.

ಹ್ಯಾಶ್ ಟೇಬಲ್ ಪಾಠ ಮುಗಿದ ವಾರ ಶಾಲೆಯ ಮಕ್ಕಳ ಊರುಗಳ ಪಟ್ಟಿಯನ್ನು ಕನ್ನಡದಲ್ಲೇ ಮಾಡಿ ನೋಡೋಣ ಎನ್ನಿಸಿತು. ಹೆಸರಿನ ಅಕ್ಷರಗಳಿಂದ ಒಂದು ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆಯ ಖಾನೆಗೆ ನೇರವಾಗಿ ಹೋಗುವ ಈ ಉಪಾಯ 1953ರಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್ ಬರೆದ ಟಿಪ್ಪಣಿಯಲ್ಲಿದೆ. ಕನ್ನಡಕ್ಕೆ ಬಂದ ಕೂಡಲೇ ಹೊಸ ತಕರಾರುಗಳು. ‘ಕಾಸರಗೋಡು’ ಎಂಬುದರಲ್ಲಿ ಎಷ್ಟು ಅಕ್ಷರ? ಕಣ್ಣಿಗೆ ಐದು. ಪೈಥಾನನ್ನು ಕೇಳಿದರೆ ಎಂಟು. ಕಾಗುಣಿತದ ಚಿಹ್ನೆಗಳನ್ನು ಅದು ಬೇರೆಯಾಗಿ ಎಣಿಸುತ್ತದೆ. ಸಿ ಭಾಷೆಯಲ್ಲಿ 24. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಸ್ಟ್ಯಾಕ್ ಬಳಸಿ ಪದವನ್ನು ಹಿಂದುಮುಂದು ಮಾಡುವ, ಎಲ್ಲ ಪುಸ್ತಕಗಳಲ್ಲೂ ಇರುವ ಆ ಮುದ್ದಾದ ಅಭ್ಯಾಸ ಇಲ್ಲಿ ನಗೆಪಾಟಲು. ಪದದ ಆರಂಭದಲ್ಲೇ ಯಾರ ಆಸರೆಯೂ ಇಲ್ಲದ ಒಂದು ಕೊಂಬು, ಆಮೇಲೆ ‘ಡೋಗರಸಾಕ’. ‘ಗೋ’ದ ದೀರ್ಘ ಹೋಗಿ ‘ಡ’ಕ್ಕೆ ಅಂಟಿಕೊಂಡಿದೆ. ಇನ್ನೊಂದು ತಕರಾರು ಕಣ್ಣಿಗೇ ಕಾಣದು. ‘ಗೋ’ದ ಓತ್ವ ದೀರ್ಘವನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ರೂಪ, ಲೆಕ್ಕ ಹಾಕಿ ಬರುವ ಸಂಖ್ಯೆ, ಅಂದರೆ ಹ್ಯಾಶ್, ಮಾತ್ರ ಬೇರೆ ಬೇರೆ. ಇರುವ ಊರನ್ನೇ ಇಲ್ಲ ಎಂದು ಟೇಬಲ್ ಹೇಳುತ್ತದೆ. ಟೇಬಲ್ಲಿಗೆ ಹಾಕುವ ಮೊದಲು ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತರುವ ಯುನಿಕೋಡ್ ವಿಧಾನವೊಂದಿದೆ. ಅದನ್ನು ಓಡಿಸಿದ ಮೇಲೆ ಕಾಸರಗೋಡು ಸಿಕ್ಕಿತು.

ಲಿಟಲ್ ಕೈಟ್ಸಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜೋಡಿಸಿದ ಪಟ್ಟಿಯನ್ನು ನೋಡುತ್ತಿದ್ದವಳು, “ಸರ್, ಬೇವಿಂಜೆಗಿಂತ ಬೇಳ ಮೊದಲು ಹೇಗೆ ಬಂತು?” ಎಂದು ಕೇಳಿದಳು. ಪಟ್ಟಿಯಲ್ಲಿ ಬೇಕಲ, ಬೇಳ, ಬೇವಿಂಜೆ ಎಂದಿತ್ತು. ವರ್ಣಮಾಲೆಯಲ್ಲಿ ಳಕಾರ ಬರುವುದು ಹಕಾರದ ನಂತರ, ಕಟ್ಟಕಡೆಗೆ. ಯುನಿಕೋಡಿನ ಕೋಷ್ಟಕದಲ್ಲಿ ಮಾತ್ರ ಅದಕ್ಕೆ ಲಕಾರ, ವಕಾರಗಳ ನಡುವೆ ಸ್ಥಾನ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಕೋಷ್ಟಕ ಮಾಡಿದ ಹಳೆಯ ಇಸ್ಕಿ ಸಂಕೇತ ಕ್ರಮದಿಂದ ಬಂದ ಬಳುವಳಿ ಇದು. ಮಲಯಾಳದ ಳಕಾರಕ್ಕೂ ಇದೇ ಗತಿ ಎಂದು ಮಲಯಾಳ ವಿಭಾಗದ ಮಕ್ಕಳಿಗೆ ತೋರಿಸಿದಾಗ ಅವರಿಗೂ ಸಿಟ್ಟು ಬಂತು.

ಪರಿಹಾರ ಕಷ್ಟದ್ದಲ್ಲ. ಕನ್ನಡಕ್ಕೆ ಯುನಿಕೋಡ್ ಕೊಟ್ಟಿರುವುದು 128 ಸ್ಥಾನ. ಅಷ್ಟೇ ಉದ್ದದ ಒಂದು ಅರೇ ಮಾಡಿ, ಪ್ರತಿ ಸಂಕೇತಕ್ಕೂ ನಮ್ಮ ವರ್ಣಮಾಲೆಯ ಪ್ರಕಾರ ಒಂದು ಕ್ರಮಸಂಖ್ಯೆ ಬರೆದಿಟ್ಟು, ಎರಡು ಹೆಸರುಗಳನ್ನು ಹೋಲಿಸುವಾಗ ಸಂಕೇತದ ಬದಲು ಆ ಸಂಖ್ಯೆಯನ್ನು ನೋಡಿದರೆ ಆಯಿತು. ಪ್ರತಿ ಅಕ್ಷರಕ್ಕೆ ಒಂದು ಸಲ ಅರೇಯೊಳಗೆ ಇಣುಕುವ ಖರ್ಚು, ಅಷ್ಟೇ. ಮಕ್ಕಳು ಕೋಷ್ಟಕವನ್ನು ಚಾರ್ಟ್ ಪೇಪರಿನ ಮೇಲೆ ಬರೆದುಕೊಂಡು ತುಂಬಿಸಿದರು. ಮರ್ಜ್ ಸಾರ್ಟಿನ ಉಳಿದ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಈಗ ಬೇಕಲ, ಬೇವಿಂಜೆ, ಬೇಳ ಎಂದು ಬರುತ್ತದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಎಲ್ಲಿ ಕೂರಿಸಬೇಕೆಂಬ ಬಗ್ಗೆ ಚಾರ್ಟಿನ ಸುತ್ತ ಜಗಳ ನಡೆದು ಇತ್ಯರ್ಥವಾಗಲಿಲ್ಲ. ನಮ್ಮ ಪಟ್ಟಿಯ ಊರುಗಳಲ್ಲಿ ಅವು ಬರುವುದಿಲ್ಲವಾದ್ದರಿಂದ ಆ ಎರಡು ಖಾನೆಗಳಲ್ಲಿ ಸದ್ಯಕ್ಕೆ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಇದೆ. ಕನ್ನಡ ಟೀಚರ್ ರಜೆ ಮುಗಿಸಿ ಬಂದ ಮೇಲೆ ಕೇಳಬೇಕು.